ಮೂಳೆ ಮುರಿತದಿಂದ ಚೇತರಿಸಿಕೊಳ್ಳುತ್ತಿರುವ ರೋಗಿಯ ಪೌಷ್ಟಿಕ ಅಗತ್ಯವನ್ನು ಅಂದಾಜಿಸುವುದು ಹೇಗೆ?

ನರ್ಸಿಂಗ್ ವಿದ್ಯಾರ್ಥಿನಿ:

ಎಲ್ಲರಿಗೂ ನಮಸ್ಕಾರ. ನಾನು ಮೂಳೆ ವಿಭಾಗದ ವಾರ್ಡಿನಲ್ಲಿ ತರಬೇತಿಯಲ್ಲಿದ್ದು, ಒಬ್ಬ ರೋಗಿಯ ಪೌಷ್ಟಿಕ ಅಗತ್ಯಗಳ ಅಂದಾಜನ್ನು ಬರೆದು ಒಪ್ಪಿಸಬೇಕಾಗಿದೆ. ರೋಗಿ 68 ವರ್ಷದ ಮಹಿಳೆ. ಜಾರಿ ಬಿದ್ದು ತೊಡೆಮೂಳೆಯ ಕುತ್ತಿಗೆ (ಸೊಂಟದ ಕೀಲಿನ ಬಳಿಯ ಭಾಗ) ಮುರಿದು, ಶಸ್ತ್ರಚಿಕಿತ್ಸೆಯಾಗಿ ಆರು ದಿನಗಳಾಗಿವೆ. ತೂಕ 48 ಕಿಲೊ. ಎದ್ದು ನಿಲ್ಲಲಾಗದ ಕಾರಣ ಎತ್ತರವನ್ನು ಅಳೆದಿಲ್ಲ. ರಕ್ತದ ವರದಿಯಲ್ಲಿ ಆಲ್ಬುಮಿನ್ (ರಕ್ತದಲ್ಲಿನ ಒಂದು ಪ್ರೋಟೀನ್) ಡೆಸಿಲೀಟರಿಗೆ 2.8 ಗ್ರಾಂ, ಕ್ಯಾಲ್ಸಿಯಂ 8.3 ಮಿಲಿಗ್ರಾಂ, ಹಿಮೋಗ್ಲೋಬಿನ್ 9.4 ಗ್ರಾಂ ಎಂದಿದೆ. ಹಲವು ವರ್ಷಗಳಿಂದ ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ. ನೋಡುವುದಕ್ಕೆ ತೀರಾ ಸಣಕಲಾಗಿಯೇನೂ ಇಲ್ಲ.

ನಾನು ಸದ್ಯಕ್ಕೆ ಬರೆದುಕೊಂಡಿರುವುದು ಇಷ್ಟು: ಕ್ಯಾಲ್ಸಿಯಂ ಕೊರತೆ, ಆಲ್ಬುಮಿನ್ ಕಡಿಮೆ ಇರುವುದರಿಂದ ಪ್ರೋಟೀನ್ ಕೊರತೆ, ಹಾಲು ಮತ್ತು ಕ್ಯಾಲ್ಸಿಯಂ ಮಾತ್ರೆ ಹೆಚ್ಚಿಸಬೇಕು. ಇದು ಸರಿಯೇ? ಕ್ಯಾಲೊರಿ ಲೆಕ್ಕಕ್ಕೆ ಯಾವ ಸೂತ್ರವನ್ನು ಬಳಸಬೇಕು?

ಮೂಳೆ ವಾರ್ಡಿನ ಹಿರಿಯ ನರ್ಸ್:

ನಮ್ಮ ವಾರ್ಡಿಗೆ ಬರುವ ಮನೆಯವರೆಲ್ಲರ ಮೊದಲ ಪ್ರಶ್ನೆ ಕ್ಯಾಲ್ಸಿಯಂ ಮಾತ್ರೆಯದ್ದೇ. ನಾನು ಅವರಿಗೆ ಮರುಪ್ರಶ್ನೆ ಹಾಕುತ್ತೇನೆ: ನಿನ್ನೆ ರಾತ್ರಿ ತಟ್ಟೆಯಲ್ಲಿ ಎಷ್ಟು ಉಳಿದಿತ್ತು? ಹೆಚ್ಚಿನವರ ಬಳಿ ಇದಕ್ಕೆ ಉತ್ತರವಿರುವುದಿಲ್ಲ. ಊಟ ಬಡಿಸುವವರು ಬಂದು ಇಟ್ಟು ಹೋಗುತ್ತಾರೆ, ಮುಕ್ಕಾಲು ಗಂಟೆಯ ನಂತರ ಇನ್ನೊಬ್ಬರು ಬಂದು ತೆಗೆದುಕೊಂಡು ಹೋಗುತ್ತಾರೆ, ಕೇಸ್ ಶೀಟಿನಲ್ಲಿ ಮಾತ್ರ 'ಸಾಮಾನ್ಯ ಆಹಾರ ಕೊಡಲಾಗಿದೆ' ಎಂಬ ಸಾಲು ಇರುತ್ತದೆ. ಕೊಟ್ಟದ್ದು ಬೇರೆ, ಹೊಟ್ಟೆಗೆ ಹೋದದ್ದು ಬೇರೆ.

ಶಸ್ತ್ರಚಿಕಿತ್ಸೆಗೆ ಮುಂಚಿನ ಉಪವಾಸವನ್ನೂ ವಿಚಾರಿಸಿ. ಅರಿವಳಿಕೆಗೆ ಮುನ್ನ ಘನ ಆಹಾರವನ್ನು 6 ಗಂಟೆ, ತಿಳಿ ದ್ರವವನ್ನು 2 ಗಂಟೆ ನಿಲ್ಲಿಸಿದರೆ ಸಾಮಾನ್ಯವಾಗಿ ಸಾಕು. ಆದರೆ ರಾತ್ರಿಯಿಂದಲೇ ಎಲ್ಲವನ್ನೂ ನಿಲ್ಲಿಸಿ, ಮಧ್ಯಾಹ್ನದ ಹೊತ್ತಿಗೆ ಶಸ್ತ್ರಚಿಕಿತ್ಸೆ ಮರುದಿನಕ್ಕೆ ಮುಂದೂಡಿಕೆಯಾಗಿ, ಮತ್ತೆ ಅದೇ ಉಪವಾಸ ಶುರುವಾಗುವುದನ್ನು ನಾವು ಕಾಣುತ್ತಲೇ ಇರುತ್ತೇವೆ. ಆ ಎರಡು ದಿನಗಳ ನಷ್ಟವನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಪಥ್ಯಾಹಾರ ತಜ್ಞೆ:

ವಿದ್ಯಾರ್ಥಿನಿಯವರೇ, ನೀವು ಬರೆದುಕೊಂಡಿರುವ ಎರಡೂ ತೀರ್ಮಾನಗಳನ್ನು ಈಗ ಬದಿಗಿಡಿ. ಆಲ್ಬುಮಿನ್ 2.8 ಇರುವುದು ಈ ರೋಗಿ ಪ್ರೋಟೀನ್ ತಿನ್ನುತ್ತಿಲ್ಲ ಎಂಬುದಕ್ಕೆ ಸಾಕ್ಷಿಯಲ್ಲ. ಪೆಟ್ಟು ಬಿದ್ದಾಗ ಮತ್ತು ಶಸ್ತ್ರಚಿಕಿತ್ಸೆಯಾದಾಗ ದೇಹದಲ್ಲಿ ಉರಿಯೂತ ಏರುತ್ತದೆ, ಯಕೃತ್ತು ಸಿ-ರಿಯಾಕ್ಟಿವ್ ಪ್ರೋಟೀನಿನಂಥ ಉರಿಯೂತದ ಪ್ರೋಟೀನುಗಳನ್ನು ತಯಾರಿಸುವ ಕಡೆಗೆ ತಿರುಗುತ್ತದೆ, ರಕ್ತನಾಳಗಳಿಂದ ಆಲ್ಬುಮಿನ್ ಹೊರಕ್ಕೆ ಸೋರುತ್ತದೆ, ಜೊತೆಗೆ ಡ್ರಿಪ್ ಮೂಲಕ ಕೊಟ್ಟ ದ್ರವದಿಂದ ರಕ್ತ ತೆಳುವಾಗುತ್ತದೆ. ಆಲ್ಬುಮಿನ್‌ನ ಅರ್ಧಾಯುಷ್ಯವೇ (ಇರುವುದರಲ್ಲಿ ಅರ್ಧ ಕರಗಲು ಹಿಡಿಯುವ ಕಾಲ) ಸುಮಾರು 20 ದಿನಗಳು; ಆರು ದಿನಗಳ ಊಟದ ಏರುಪೇರನ್ನು ಅದು ಹೇಳಲಾರದು. ಇನ್ನೊಂದು ರಕ್ತ ಪ್ರೋಟೀನಾದ ಪ್ರಿಆಲ್ಬುಮಿನ್‌ನ ಅರ್ಧಾಯುಷ್ಯ ಎರಡು ಮೂರು ದಿನಗಳಷ್ಟೇ ಆದರೂ ಉರಿಯೂತದಲ್ಲಿ ಅದೂ ಇಳಿಯುತ್ತದೆ. ಕಡಿಮೆ ಆಲ್ಬುಮಿನ್ ಇರುವ ರೋಗಿಯ ಚೇತರಿಕೆ ಕಷ್ಟವಾಗಬಹುದು ಎಂಬುದು ನಿಜ. ಅದನ್ನು ಅಪಾಯದ ಸೂಚನೆಯೆಂದು ಬರೆಯಿರಿ, ಪೌಷ್ಟಿಕತೆಯ ಅಳತೆಗೋಲೆಂದು ಬರೆಯಬೇಡಿ.

ಮೂಳೆ ಎಂದೊಡನೆ ನಮ್ಮ ಮನಸ್ಸು ಖನಿಜದ ಕಡೆಗೇ ಓಡುತ್ತದೆ. ಮೂಳೆಯ ಗಾತ್ರದಲ್ಲಿ ಸರಿಸುಮಾರು ಅರ್ಧದಷ್ಟು ಪ್ರೋಟೀನ್ ಇದೆ, ಅದರಲ್ಲಿ ಬಹುಪಾಲು ಕೊಲಾಜೆನ್. ಮುರಿದ ಜಾಗದಲ್ಲಿ ಮೊದಲು ರಕ್ತ ಹೆಪ್ಪುಗಟ್ಟಿ, ನಂತರ ಮೃದುವಾದ ಹೊಸ ಅಂಗಾಂಶ ಬೆಳೆದು, ಆಮೇಲಷ್ಟೇ ಅದರ ಮೇಲೆ ಖನಿಜ ಕೂರುತ್ತದೆ. ಕೊಲಾಜೆನ್ ಗಟ್ಟಿಯಾಗಿ ಹೆಣೆದುಕೊಳ್ಳಲು ವಿಟಮಿನ್ ಸಿ ಬೇಕು. ಆದ್ದರಿಂದ ಮೊದಲ ವಾರಗಳಲ್ಲಿ ಪ್ರೋಟೀನ್ ಮತ್ತು ಶಕ್ತಿಯ ಕೊರತೆಯನ್ನು ಬಿಟ್ಟು ಕ್ಯಾಲ್ಸಿಯಂ ಒಂದನ್ನೇ ಹಿಡಿದು ಕೂರುವುದರಲ್ಲಿ ಅರ್ಥವಿಲ್ಲ.

ಇದು ಹೊಸ ತಿಳಿವಳಿಕೆಯೂ ಅಲ್ಲ. 1930ರ ದಶಕದ ಆರಂಭದಲ್ಲಿ ಗ್ಲಾಸ್ಗೋದಲ್ಲಿ ಡೇವಿಡ್ ಕತ್ಬರ್ಟ್‌ಸನ್ ಅವರು ಕಾಲಿನ ಉದ್ದ ಮೂಳೆಗಳು ಮುರಿದ ರೋಗಿಗಳ ಮೂತ್ರವನ್ನು ಪರೀಕ್ಷಿಸಿ, ಅದರಲ್ಲಿ ಹೊರಹೋಗುತ್ತಿದ್ದ (ಪ್ರೋಟೀನ್ ಒಡೆದಾಗ ಹೊರಬರುವ) ಸಾರಜನಕವು ಗಾಯಗೊಂಡ ಭಾಗವೊಂದರಿಂದಲೇ ಬರಲು ಸಾಧ್ಯವಿಲ್ಲದಷ್ಟು ಹೆಚ್ಚಿದೆ ಎಂಬುದನ್ನು ತೋರಿಸಿದರು. ಒಂದು ಮೂಳೆ ಮುರಿದರೆ ಇಡೀ ಮೈಯ ಸ್ನಾಯು ಕರಗುತ್ತದೆ ಎಂಬುದು ಅದರ ಅರ್ಥ. ಈ ನಷ್ಟವು ಮೊದಲ ವಾರದ ಆಸುಪಾಸಿನಲ್ಲಿ ತಾರಕಕ್ಕೇರುತ್ತದೆ. ನಿಮ್ಮ ರೋಗಿ ಈಗ ಇರುವುದು ಆ ಘಟ್ಟದಲ್ಲಿಯೇ.

ಲೆಕ್ಕ ಮಾಡುವ ಮೊದಲು ನನಗೆ ಮೂರು ಸಂಗತಿಗಳು ಬೇಕು. ಬೀಳುವುದಕ್ಕೆ ಕೆಲವು ತಿಂಗಳು ಮುಂಚೆ ಅವರ ತೂಕ ಎಷ್ಟಿತ್ತು? ಪೆಟ್ಟಾಗದ ಕಾಲಿನ ಮಂಡಿಯ ಎತ್ತರ ಎಷ್ಟಿದೆ? ಮಂಡಿ ಮತ್ತು ಪಾದ ಎರಡನ್ನೂ ಲಂಬ ಕೋನಕ್ಕೆ ಮಡಿಸಿ, ಹಿಮ್ಮಡಿಯ ಅಡಿಯಿಂದ ಮಂಡಿಯ ಮೇಲ್ಭಾಗದವರೆಗೆ ಅಳೆಯಬೇಕು. ಕೊನೆಯದಾಗಿ, ಮೂರು ದಿನ ಅವರು ನಿಜವಾಗಿ ತಿಂದದ್ದರ ದಾಖಲೆ ಬೇಕು. ಪ್ರತಿ ಊಟದಲ್ಲೂ ತಟ್ಟೆಯ ಕಾಲು, ಅರ್ಧ, ಮುಕ್ಕಾಲು ಎಂದು ಬರೆದರೆ ಸಾಕು. ತೂಕವನ್ನು ಹೇಗೆ ತೆಗೆದಿರಿ, ಪಾದಗಳಲ್ಲಿ ಊತವಿದೆಯೇ ಎಂಬುದನ್ನೂ ತಿಳಿಸಿ. ಪ್ಲಾಸ್ಟರ್ ಹಾಕಿದ್ದರೆ ಅದರ ಭಾರವನ್ನು ಕಳೆಯಬೇಕು, ಊತವಿದ್ದರೆ ತೂಕ ಹೆಚ್ಚಾಗಿ ಕಾಣುತ್ತದೆ.

ನರ್ಸಿಂಗ್ ವಿದ್ಯಾರ್ಥಿನಿ:

ಮೂರು ದಿನ ದಾಖಲಿಸಿ ಈಗ ಬರೆಯುತ್ತಿದ್ದೇನೆ. ತೂಕವನ್ನು ಹಾಸಿಗೆಯ ತೂಕಯಂತ್ರದಲ್ಲಿಯೇ ತೆಗೆದದ್ದು. ಪ್ಲಾಸ್ಟರ್ ಇಲ್ಲ, ಕಣ್ಣಿಗೆ ಕಾಣುವ ಊತವೂ ಇಲ್ಲ. ಮಂಡಿಯ ಎತ್ತರ 44.5 ಸೆಂಟಿಮೀಟರ್. ಐದು ತಿಂಗಳ ಹಿಂದೆ ಬೇರೊಂದು ತಪಾಸಣೆಗೆ ಹೋಗಿದ್ದಾಗಿನ ಚೀಟಿಯಲ್ಲಿ ತೂಕ 54 ಕಿಲೊ ಎಂದಿರುವುದನ್ನು ಅವರ ಮಗಳು ತೋರಿಸಿದರು. ರೋಗಿಗೆ ಇತ್ತೀಚೆಗೆ ಕೆಳಗಿನ ಹಲ್ಲುಸೆಟ್ ಸಡಿಲವಾಗಿ, ಗಟ್ಟಿ ಪದಾರ್ಥಗಳನ್ನು ತಿನ್ನುವುದನ್ನೇ ಬಿಟ್ಟಿದ್ದರಂತೆ. ಆಸ್ಪತ್ರೆಗೆ ಬರುವಾಗ ಹಲ್ಲುಸೆಟ್ ಮನೆಯಲ್ಲಿಯೇ ಉಳಿದಿದೆ.

ತಿಂದದ್ದನ್ನು ಆಹಾರ ಸಂಯೋಜನೆಯ ಪಟ್ಟಿಯೊಂದಿಗೆ ಹೋಲಿಸಿದಾಗ ದಿನಕ್ಕೆ ಸರಾಸರಿ 850 ಕ್ಯಾಲೊರಿ, 27 ಗ್ರಾಂ ಪ್ರೋಟೀನ್ ಬಂತು. ಬೆಳಗಿನ ತಿಂಡಿಯನ್ನು ಬಹುತೇಕ ಮುಗಿಸುತ್ತಾರೆ. ರಾತ್ರಿ ಊಟ ಕಾಲು ತಟ್ಟೆ ದಾಟುವುದಿಲ್ಲ. ಮಲಬದ್ಧತೆಯೂ ಇದೆ.

ಪಥ್ಯಾಹಾರ ತಜ್ಞೆ:

ಹಲ್ಲುಸೆಟ್ಟಿನ ವಿಷಯ ಯಾವ ಸೂತ್ರದಿಂದಲೂ ಹೊರಬರುತ್ತಿರಲಿಲ್ಲ. ಅದನ್ನು ಮೊದಲು ಮನೆಯಿಂದ ತರಿಸಿ, ಸಡಿಲವಾಗಿರುವುದನ್ನು ದಂತವೈದ್ಯರಿಗೆ ತೋರಿಸುವ ವ್ಯವಸ್ಥೆ ಮಾಡಿ. ಅಲ್ಲಿಯವರೆಗೆ ಊಟ ಮೆತ್ತಗಿರಲಿ.

ಇನ್ನು ಲೆಕ್ಕ. ಮಹಿಳೆಯರಿಗೆ ಮಂಡಿಯ ಎತ್ತರವನ್ನು 1.83ರಿಂದ ಗುಣಿಸಿ, 84.88 ಕೂಡಿಸಿ, ವಯಸ್ಸನ್ನು 0.24ರಿಂದ ಗುಣಿಸಿದ ಮೊತ್ತವನ್ನು ಕಳೆಯಬೇಕು. ಈ ರೋಗಿಗೆ 150 ಸೆಂಟಿಮೀಟರ್ ಬರುತ್ತದೆ. ಬಿಎಂಐ (ಕಿಲೊ ತೂಕವನ್ನು ಮೀಟರಿನಲ್ಲಿರುವ ಎತ್ತರದ ವರ್ಗದಿಂದ ಭಾಗಿಸಿದ ಅಂಕಿ) 21.3. ಇಲ್ಲಿಗೇ ನಿಲ್ಲಿಸಿದವರು 'ಸಾಮಾನ್ಯ' ಎಂದು ಬರೆದು ಮುಂದಿನ ಹಾಸಿಗೆಗೆ ಹೋಗುತ್ತಾರೆ. ಆದರೆ 54ರಿಂದ 48ಕ್ಕೆ ಇಳಿದದ್ದೆಂದರೆ ಐದು ತಿಂಗಳಲ್ಲಿ ಶೇಕಡಾ 11ರಷ್ಟು ತೂಕ ಹೋಗಿದೆ. 'ಮಸ್ಟ್' ಎಂಬ ತಪಾಸಣಾ ವಿಧಾನದಲ್ಲಿ ಬಿಎಂಐ 20ಕ್ಕಿಂತ ಹೆಚ್ಚಿರುವುದಕ್ಕೆ ಸೊನ್ನೆ ಅಂಕ, ಮೂರರಿಂದ ಆರು ತಿಂಗಳಲ್ಲಿ ಶೇಕಡಾ 10ಕ್ಕಿಂತ ಹೆಚ್ಚು ತೂಕ ಇಳಿದಿರುವುದಕ್ಕೆ 2 ಅಂಕ. ಒಟ್ಟು 2 ಆದರೆ ಹೆಚ್ಚಿನ ಅಪಾಯದ ಗುಂಪು. ಅಂದರೆ ಇವರ ಪೌಷ್ಟಿಕ ಸಮಸ್ಯೆ ಬಿದ್ದ ದಿನ ಹುಟ್ಟಿದ್ದಲ್ಲ. ಸ್ನಾಯು ಕರಗಿ ಕಾಲಿನ ಬಲ ಕುಂದಿದ್ದೂ ಬೀಳುವುದಕ್ಕೆ ಒಂದು ಕಾರಣವಾಗಿರಬಹುದು. ತೂಕ ಏಕೆ ಇಳಿಯಿತು ಎಂಬುದಕ್ಕೆ ಹಲ್ಲು ಒಂದು ಉತ್ತರವಾದರೂ, ಬೇರೆ ಕಾಯಿಲೆ ಇಲ್ಲವೆಂಬುದನ್ನು ವೈದ್ಯರು ಖಚಿತಪಡಿಸಿಕೊಳ್ಳಲೇಬೇಕು. ಥೈರಾಯ್ಡ್ ಮಾತ್ರೆಯ ಪ್ರಮಾಣ ಹೆಚ್ಚಾಗಿದ್ದರೂ ತೂಕ ಇಳಿಯುತ್ತದೆ, ಮೂಳೆಯೂ ಸವೆಯುತ್ತದೆ. ಟಿಎಸ್‌ಎಚ್ (ಥೈರಾಯ್ಡ್ ಮಟ್ಟ ತಿಳಿಸುವ ರಕ್ತ ಪರೀಕ್ಷೆ) ನೋಡಲು ಹೇಳಿ.

ಶಕ್ತಿಗೆ 1990ರ ಮಿಫ್ಲಿನ್-ಸೇಂಟ್ ಜಿಯೋರ್ ಸೂತ್ರವನ್ನು ಬಳಸಬಹುದು: ತೂಕದ 10 ಪಟ್ಟು, ಎತ್ತರದ 6.25 ಪಟ್ಟು ಇವೆರಡನ್ನೂ ಕೂಡಿಸಿ, ವಯಸ್ಸಿನ 5 ಪಟ್ಟನ್ನು ಕಳೆದು, ಮಹಿಳೆಯಾದರೆ ಇನ್ನೂ 161 ಕಳೆಯಬೇಕು. ಪುರುಷನಾದರೆ 161 ಕಳೆಯುವ ಬದಲು 5 ಕೂಡಿಸಬೇಕು. ಇವರಿಗೆ ವಿಶ್ರಾಂತಿಯಲ್ಲಿ ಸುಮಾರು 917 ಕ್ಯಾಲೊರಿ ಆಗುತ್ತದೆ. ಹಾಸಿಗೆಯಲ್ಲಿರುವವರ ಚಟುವಟಿಕೆಗೆ 1.2, ಮೂಳೆಯ ಗಾಯಕ್ಕೆ 1.35 ಎಂದು ಹಿಡಿದು ಗುಣಿಸಿದರೆ 1,485. ಇನ್ನೊಂದು ದಾರಿಯೆಂದರೆ ವೃದ್ಧ ರೋಗಿಗಳಿಗೆ ಹೇಳುವ, ಪ್ರತಿ ಕಿಲೊ ತೂಕಕ್ಕೆ 30 ಕ್ಯಾಲೊರಿ ಎಂಬ ಸರಳ ಲೆಕ್ಕ. ಅದು 1,440 ಕೊಡುತ್ತದೆ. ಎರಡೂ ಹತ್ತಿರ ಹತ್ತಿರ ಬಂದಿರುವುದರಿಂದ 1,450 ಎಂದಿಟ್ಟುಕೊಳ್ಳೋಣ. ಪ್ರೋಟೀನ್ ಕಿಲೊಗೆ 1.2ರಿಂದ 1.5 ಗ್ರಾಂ, ಅಂದರೆ 58ರಿಂದ 72 ಗ್ರಾಂ. ಮೂತ್ರಪಿಂಡದ ತೊಂದರೆ ಇದ್ದರೆ ಈ ಅಂಕಿಯನ್ನು ವೈದ್ಯರೊಂದಿಗೆ ಚರ್ಚಿಸದೆ ಬರೆಯಬಾರದು.

ಅಗತ್ಯ 1,450, ಒಳಹೋಗುತ್ತಿರುವುದು 850. ಪ್ರೋಟೀನಿನಲ್ಲಿ ಅರ್ಧಕ್ಕೂ ಹೆಚ್ಚು ಕೊರತೆ. ನಿಮ್ಮ ವರದಿಯ ತಿರುಳು ಈ ಅಂತರದಲ್ಲಿದೆ.

ಫಿಸಿಯೋಥೆರಪಿಸ್ಟ್:

ಒಂದು ಆಕ್ಷೇಪವನ್ನು ದಾಖಲಿಸುತ್ತೇನೆ. 1.35 ಎಂಬ ಗುಣಕವು 1970ರ ದಶಕದ ಅಳತೆಗಳಿಂದ ಬಂದದ್ದು. ಆಗ ರೋಗಿಗಳು ವಾರಗಟ್ಟಲೆ, ಕಾಲನ್ನು ಭಾರದಿಂದ ಎಳೆದು ಕಟ್ಟುವ ಟ್ರ್ಯಾಕ್ಷನ್‌ನಲ್ಲಿ ಮಲಗಿರುತ್ತಿದ್ದರು. ಈಗ ಒಂದೆರಡು ದಿನಗಳೊಳಗೆ ಮೂಳೆಯನ್ನು ಲೋಹದಿಂದ ಬಿಗಿದು ನಿಲ್ಲಿಸುತ್ತೇವೆ. ಒಂಟಿ ಮುರಿತವಾಗಿ, ಶಸ್ತ್ರಚಿಕಿತ್ಸೆ ಸುಸೂತ್ರವಾಗಿ ಮುಗಿದ ಯುವಕನಿಗೆ ಇದೇ ಗುಣಕವನ್ನು ಹಾಕಿದರೆ, ಎರಡು ತಿಂಗಳು ಊರುಗೋಲಿನಲ್ಲಿ ಕಳೆಯುವಷ್ಟರಲ್ಲಿ ಅವನ ಮೈಗೆ ಸೇರುವುದು ಬೊಜ್ಜು ಮಾತ್ರ. ಮಣಿಕಟ್ಟು ಮುರಿದವರಿಗಂತೂ ಹೆಚ್ಚುವರಿ ಕ್ಯಾಲೊರಿಯ ಮಾತೇ ಬೇಡ.

ನನ್ನ ಕೆಲಸಕ್ಕೆ ಬೇಕಾಗಿರುವುದು ಪ್ರೋಟೀನ್, ಅದೂ ಹಂಚಿಕೆಯಾಗಿ. 2007ರಲ್ಲಿ ಪ್ರಕಟವಾದ ಒಂದು ಸಣ್ಣ ಅಧ್ಯಯನದಲ್ಲಿ ಆರೋಗ್ಯವಂತ ವೃದ್ಧರು ಕೇವಲ 10 ದಿನ ಹಾಸಿಗೆಯಲ್ಲಿ ಮಲಗಿದ್ದಕ್ಕೆ ಕಾಲುಗಳಿಂದ ಸುಮಾರು ಒಂದು ಕಿಲೊ ಕೊಬ್ಬುರಹಿತ ಅಂಗಾಂಶವನ್ನು ಕಳೆದುಕೊಂಡರು. ಅವರಿಗೆ ಮುರಿತವೂ ಇರಲಿಲ್ಲ, ಶಸ್ತ್ರಚಿಕಿತ್ಸೆಯೂ ಆಗಿರಲಿಲ್ಲ. ದಿನದ ಪ್ರೋಟೀನನ್ನೆಲ್ಲ ರಾತ್ರಿಯೊಂದೇ ಊಟಕ್ಕೆ ಬಿಡದೆ, ಒಂದೊಂದು ಊಟಕ್ಕೆ 20ರಿಂದ 25 ಗ್ರಾಂ ಬರುವಂತೆ ನೋಡಿಕೊಂಡು, ಅದರ ಜೊತೆಗೆ ಎದ್ದು ನಿಲ್ಲುವ, ಕಾಲು ಎತ್ತುವ ವ್ಯಾಯಾಮ ಇದ್ದರೆ ಸ್ನಾಯು ಅದನ್ನು ಬಳಸಿಕೊಳ್ಳುತ್ತದೆ. ಬೆಳಿಗ್ಗೆ ಹಸಿವಿರುವ ರೋಗಿಗೆ ಬೆಳಿಗ್ಗೆಯೇ ಹೆಚ್ಚು ಕೊಡಿ.

ಪಥ್ಯಾಹಾರ ತಜ್ಞೆ:

ಆಕ್ಷೇಪ ನ್ಯಾಯವಾದದ್ದು. ಒಂಟಿ ಮುರಿತಕ್ಕೆ 1.1ರಿಂದ 1.2 ಸಾಕೆಂದು ನಾನೂ ಹಲವು ಸಲ ಬರೆದಿದ್ದೇನೆ. ಈ ರೋಗಿಗೆ ಮೇಲಿನ ಅಂಕಿಯನ್ನೇ ಹಿಡಿದದ್ದು ಅವರು ಕಳೆದುಕೊಂಡ ತೂಕವನ್ನು ಮರಳಿ ಪಡೆಯಬೇಕಾಗಿರುವುದರಿಂದ. ಯಾವ ಗುಣಕವಾದರೂ ಆರಂಭದ ಊಹೆಯಷ್ಟೇ. ವಾರಕ್ಕೊಮ್ಮೆ ತೂಕ ನೋಡಿ ತಿದ್ದಬೇಕು.

ಪ್ರಯೋಗಾಲಯದ ವೈದ್ಯ:

ಕ್ಯಾಲ್ಸಿಯಂ 8.3 ಎಂಬುದರ ಬಗ್ಗೆ ಯಾರೂ ಹೇಳಲಿಲ್ಲ. ರಕ್ತದ ಕ್ಯಾಲ್ಸಿಯಂನಲ್ಲಿ ಹೆಚ್ಚುಕಡಿಮೆ ಅರ್ಧ ಭಾಗ ಪ್ರೋಟೀನಿಗೆ, ಮುಖ್ಯವಾಗಿ ಆಲ್ಬುಮಿನ್‌ಗೆ ಅಂಟಿಕೊಂಡಿರುತ್ತದೆ. ಆಲ್ಬುಮಿನ್ ಇಳಿದಾಗ ಒಟ್ಟು ಕ್ಯಾಲ್ಸಿಯಂ ಕೂಡ ಇಳಿದಂತೆ ಕಾಣುತ್ತದೆ. ಆಲ್ಬುಮಿನ್ 4ಕ್ಕಿಂತ ಎಷ್ಟು ಕಡಿಮೆ ಇದೆಯೋ ಅದನ್ನು 0.8ರಿಂದ ಗುಣಿಸಿ ಕೂಡಿಸಿದರೆ ಇವರ ಅಂಕಿ ಸುಮಾರು 9.3 ಆಗುತ್ತದೆ, ಅಂದರೆ ಸಾಮಾನ್ಯ. ಖಚಿತವಾಗಿ ತಿಳಿಯಬೇಕಾದರೆ ಅಯಾನೀಕೃತ (ಪ್ರೋಟೀನಿಗೆ ಅಂಟದ) ಕ್ಯಾಲ್ಸಿಯಂ ಪರೀಕ್ಷೆ ಮಾಡಿಸಿ. ಅಷ್ಟಕ್ಕೂ ದೇಹದ ಕ್ಯಾಲ್ಸಿಯಂನಲ್ಲಿ ಶೇಕಡಾ 99 ಇರುವುದು ಮೂಳೆ ಮತ್ತು ಹಲ್ಲುಗಳಲ್ಲಿ. ಊಟದಲ್ಲಿ ಕಡಿಮೆಯಾದರೆ ರಕ್ತವು ಮೂಳೆಯಿಂದ ತೆಗೆದುಕೊಂಡು ತನ್ನ ಮಟ್ಟವನ್ನು ಉಳಿಸಿಕೊಳ್ಳುತ್ತದೆ. ಹೀಗಾಗಿ ಆಹಾರದಲ್ಲಿನ ಕ್ಯಾಲ್ಸಿಯಂ ಸಾಕೋ ಸಾಲದೋ ಎಂಬುದನ್ನು ರಕ್ತ ಪರೀಕ್ಷೆ ಹೇಳುವುದಿಲ್ಲ, ಊಟದ ದಾಖಲೆ ಹೇಳುತ್ತದೆ. ಈ ವಯಸ್ಸಿನವರಿಗೆ ಊಟ ಮತ್ತು ಮಾತ್ರೆ ಎರಡೂ ಸೇರಿ ದಿನಕ್ಕೆ 1,200 ಮಿಲಿಗ್ರಾಂ ಸಾಕು. ಅದಕ್ಕಿಂತ ಹೆಚ್ಚು ಕೊಟ್ಟರೆ ಮೂಳೆ ಬೇಗ ಕೂಡುವುದಿಲ್ಲ. ಮಲಬದ್ಧತೆ ಹೆಚ್ಚುತ್ತದೆ, ಮೂತ್ರಪಿಂಡದಲ್ಲಿ ಕಲ್ಲಾಗುವ ಸಂಭವವೂ ಇದೆ. ಬಹುಕಾಲ ಅಲುಗಾಡದೆ ಮಲಗಿರುವ ಹದಿಹರೆಯದವರಲ್ಲಿ ಮೂಳೆಯಿಂದ ಕ್ಯಾಲ್ಸಿಯಂ ಕರಗಿ ರಕ್ತದಲ್ಲಿ ಅದರ ಮಟ್ಟ ಅಪಾಯಕಾರಿಯಾಗಿ ಏರುವುದೂ ಉಂಟು.

ನಿಜವಾಗಿ ಅಳೆಯಬೇಕಾದದ್ದು ವಿಟಮಿನ್ ಡಿ. ರಕ್ತದಲ್ಲಿ ಅದರ 25-ಹೈಡ್ರಾಕ್ಸಿ ರೂಪದ ಮಟ್ಟವು ಮಿಲಿಲೀಟರಿಗೆ 12 ನ್ಯಾನೊಗ್ರಾಂಗಿಂತ ಕಡಿಮೆಯಿದ್ದರೆ ಅದು ಸ್ಪಷ್ಟ ಕೊರತೆ. 20 ಸಾಕೇ, 30 ಇರಬೇಕೇ ಎಂಬ ವಿಷಯದಲ್ಲಿ ತಜ್ಞ ಸಂಸ್ಥೆಗಳಲ್ಲಿಯೇ ಭಿನ್ನಾಭಿಪ್ರಾಯವಿದೆ.

ಹಿಮೋಗ್ಲೋಬಿನ್ 9.4ಕ್ಕೆ ಕಬ್ಬಿಣದ ಮಾತ್ರೆ ಬರೆಯುವ ಮುನ್ನ, ಎಷ್ಟು ರಕ್ತ ಹೋಗಿದೆ ಎಂಬುದನ್ನು ನೋಡಿ. ಅರ್ಧ ಲೀಟರ್ ರಕ್ತದ ಜೊತೆಗೆ 200ರಿಂದ 250 ಮಿಲಿಗ್ರಾಂ ಕಬ್ಬಿಣ ಹೋಗುತ್ತದೆ. ಕಬ್ಬಿಣದ ಸಂಗ್ರಹವನ್ನು ಸೂಚಿಸುವ ಫೆರಿಟಿನ್ ಉರಿಯೂತದಲ್ಲಿ ಏರುವುದರಿಂದ ಈಗ ಅದು ಸಾಮಾನ್ಯವಾಗಿ ಕಂಡರೂ ಕಬ್ಬಿಣ ಸಾಕಷ್ಟಿದೆ ಎಂದು ತಿಳಿಯಬಾರದು. ಇನ್ನೊಂದು ಮಾತು: ಥೈರಾಯ್ಡ್ ಮಾತ್ರೆಗೂ ಕ್ಯಾಲ್ಸಿಯಂ ಮತ್ತು ಕಬ್ಬಿಣದ ಮಾತ್ರೆಗಳಿಗೂ ನಡುವೆ ಕನಿಷ್ಠ 4 ಗಂಟೆಗಳ ಅಂತರವಿರಲಿ. ವಾರ್ಡಿನಲ್ಲಿ ಬೆಳಗಿನ ಮಾತ್ರೆಗಳನ್ನೆಲ್ಲ ಒಂದೇ ಬಟ್ಟಲಿಗೆ ಹಾಕಿ ಕೊಡುವ ರೂಢಿ ಇಲ್ಲಿ ಕೆಲಸಕ್ಕೆ ಬಾರದು.

ಮನೆಯಲ್ಲಿ ಆರೈಕೆ ಮಾಡುವವರು:

ಈ ಚರ್ಚೆಯಲ್ಲಿ ಕೇಳಬಹುದೇ ತಿಳಿಯದು. ನನ್ನ ತಮ್ಮನಿಗೆ 26 ವರ್ಷ. ಅಪಘಾತದಲ್ಲಿ ದವಡೆ ಮತ್ತು ಮುಂಗಾಲಿನ ಮೂಳೆ ಮುರಿದಿವೆ. ದವಡೆಗೆ ತಂತಿ ಬಿಗಿದಿದ್ದಾರೆ. ಗಂಜಿಯಂಥ ತಿಳಿ ಪದಾರ್ಥಗಳನ್ನೇ ಕೊಡುತ್ತಿದ್ದೇವೆ, ಬಟ್ಟೆಗಳು ದಿನೇದಿನೇ ಸಡಿಲವಾಗುತ್ತಿವೆ.

ಪಥ್ಯಾಹಾರ ತಜ್ಞೆ:

ಖಂಡಿತ ಕೇಳಬಹುದು. ದವಡೆಗೆ ತಂತಿ ಬಿಗಿಸಿಕೊಂಡವರು ತೂಕ ಕಳೆದುಕೊಳ್ಳುವುದು ತೀರಾ ಸಾಮಾನ್ಯ, ಏಕೆಂದರೆ ದ್ರವ ಆಹಾರದಲ್ಲಿ ನೀರೇ ಹೆಚ್ಚು. ಹೊಟ್ಟೆ ತುಂಬುತ್ತದೆ, ಶಕ್ತಿ ಸಿಗುವುದಿಲ್ಲ. ನೀರು ಸೇರಿಸುವಲ್ಲೆಲ್ಲ ಹಾಲು ಸೇರಿಸಿ, ಹಾಲಿಗೆ ಹಾಲಿನ ಪುಡಿ ಬೆರೆಸಿ, ಬೇಳೆ, ಮಾಂಸ, ಮೊಟ್ಟೆ ಏನೇ ತಿನ್ನುವವರಾದರೂ ಚೆನ್ನಾಗಿ ಬೇಯಿಸಿ, ರುಬ್ಬಿ, ಸೋಸಿ, ಮೇಲೆ ಎಣ್ಣೆ ಅಥವಾ ಬೆಣ್ಣೆ ಹಾಕಿ ಕೊಡಿ. ದಿನಕ್ಕೆ ಆರೇಳು ಬಾರಿ ಸ್ವಲ್ಪ ಸ್ವಲ್ಪ ಕೊಡಿ. ವಾರಕ್ಕೊಮ್ಮೆ ತೂಕ ಬರೆದಿಡಿ. ಇಳಿಯುತ್ತಲೇ ಇದ್ದರೆ ವೈದ್ಯರು ಸಿದ್ಧ ಪೌಷ್ಟಿಕ ಪೇಯಗಳನ್ನು ಸೂಚಿಸುತ್ತಾರೆ. ವಾಂತಿಯಾದರೆ ಏನು ಮಾಡಬೇಕು, ತಂತಿಯನ್ನು ಯಾವಾಗ ಮತ್ತು ಎಲ್ಲಿ ಕತ್ತರಿಸಬೇಕು ಎಂಬುದನ್ನು ಶಸ್ತ್ರವೈದ್ಯರಿಂದ ಕೇಳಿ ತಿಳಿದುಕೊಳ್ಳಿ, ತಂತಿ ಕತ್ತರಿ ಅವರ ಕೈಗೆಟುಕುವಲ್ಲಿಯೇ ಇರಲಿ. ಅವರು ಧೂಮಪಾನ ಮಾಡುವವರಾದರೆ ನಿಲ್ಲಿಸಲೇಬೇಕು. ಮೂಳೆ ಕೂಡುವುದನ್ನು ತಂಬಾಕು ನಿಧಾನಗೊಳಿಸುತ್ತದೆ, ವಿಟಮಿನ್ ಸಿ ಅಗತ್ಯವನ್ನೂ ದಿನಕ್ಕೆ 35 ಮಿಲಿಗ್ರಾಂನಷ್ಟು ಹೆಚ್ಚಿಸುತ್ತದೆ.

ನರ್ಸಿಂಗ್ ವಿದ್ಯಾರ್ಥಿನಿ:

ನನ್ನ ರೋಗಿಗೆ 600 ಕ್ಯಾಲೊರಿಯ ಕೊರತೆಯನ್ನು ನಾಳೆಯಿಂದಲೇ ತುಂಬಿಸಿಬಿಡಬಹುದೇ?

ಪಥ್ಯಾಹಾರ ತಜ್ಞೆ:

ಮೊದಲು ಫಾಸ್ಫೇಟ್, ಪೊಟ್ಯಾಸಿಯಂ, ಮೆಗ್ನೀಸಿಯಂ ನೋಡಿ. ಬಹಳ ದಿನ ಹೆಚ್ಚುಕಡಿಮೆ ಏನೂ ತಿನ್ನದೆ ಇದ್ದವರಿಗೆ ಒಮ್ಮೆಲೇ ಪೂರ್ತಿ ಆಹಾರ ಕೊಟ್ಟರೆ ಈ ಲವಣಗಳು ರಕ್ತದಿಂದ ಜೀವಕೋಶಗಳೊಳಗೆ ನುಗ್ಗಿ, ಹೃದಯದ ಬಡಿತವೇ ಏರುಪೇರಾಗಬಹುದು. ಐದು ದಿನಕ್ಕಿಂತ ಹೆಚ್ಚು ಕಾಲ ಬಹುತೇಕ ಉಪವಾಸವಿದ್ದವರಿಗೆ ಮೊದಲ ಎರಡು ದಿನ ಅಗತ್ಯದ ಅರ್ಧಕ್ಕೆ ಮೀರದಂತೆ ಆರಂಭಿಸುವುದು ವಾಡಿಕೆ. ನಿಮ್ಮ ರೋಗಿ ಈಗಾಗಲೇ ಅರ್ಧಕ್ಕಿಂತ ಹೆಚ್ಚು ತಿನ್ನುತ್ತಿದ್ದಾರೆ, ಆದ್ದರಿಂದ ಲವಣಗಳು ಸರಿಯಿದ್ದರೆ ಎರಡು ಮೂರು ದಿನಗಳಲ್ಲಿ ಏರಿಸಬಹುದು. 200 ಮಿಲಿಲೀಟರಿಗೆ 300 ಕ್ಯಾಲೊರಿ, 18ರಿಂದ 20 ಗ್ರಾಂ ಪ್ರೋಟೀನ್ ಇರುವ ಪೇಯವನ್ನು ದಿನಕ್ಕೆ ಎರಡು ಬಾರಿ ಕೊಟ್ಟರೆ ಅಂತರ ತುಂಬುತ್ತದೆ. ಊಟಕ್ಕೆ ಮುಂಚೆ ಮಾತ್ರ ಕೊಡಬೇಡಿ. ಇರುವ ಹಸಿವೂ ಹೋಗುತ್ತದೆ. ಊಟಗಳ ನಡುವೆ ಒಂದು, ಮಲಗುವ ಮುನ್ನ ಒಂದು ಇರಲಿ. ನೀರು ಕಿಲೊಗೆ 30 ಮಿಲಿಲೀಟರ್ ಲೆಕ್ಕದಲ್ಲಿ, ಹೃದಯ ಅಥವಾ ಮೂತ್ರಪಿಂಡದ ನಿರ್ಬಂಧವಿಲ್ಲದಿದ್ದರೆ, ಸುಮಾರು ಒಂದೂವರೆ ಲೀಟರ್. ಮಲಬದ್ಧತೆಗೆ ನೋವಿನ ಔಷಧವೂ ಕಾರಣವಾಗಿರಬಹುದು; ಅದು ಸರಿಹೋಗುವವರೆಗೆ ಹಸಿವು ಮರಳುವುದಿಲ್ಲ.

ಮೂಳೆ ವಾರ್ಡಿನ ಹಿರಿಯ ನರ್ಸ್:

ಪೇಯದ ಬಾಟಲಿಯ ಮುಚ್ಚಳವನ್ನು ತೆರೆದು ಕೈಗೆ ಕೊಡುವವರು ಯಾರು ಎಂಬುದನ್ನೂ ಯೋಜನೆಯಲ್ಲಿ ಬರೆಯಿರಿ. ನಾನು ಇದನ್ನು ಲಘುವಾಗಿ ಹೇಳುತ್ತಿಲ್ಲ. ಸೊಂಟದ ಮುರಿತವಾದ, 65 ದಾಟಿದ ಮಹಿಳೆಯರ ಬಗ್ಗೆ ಕಾರ್ಡಿಫ್‌ನಲ್ಲಿ ನಡೆದು 2006ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಒಂದು ಗುಂಪಿಗೆ ಹೆಚ್ಚುವರಿಯಾಗಿ ಕೊಟ್ಟದ್ದು ಊಟದ ಹೊತ್ತಿನಲ್ಲಿ ಪಕ್ಕದಲ್ಲಿದ್ದು, ಇಷ್ಟವೇನೆಂದು ಕೇಳಿ, ತಿನ್ನಲು ನೆರವಾಗುವ ಆಹಾರ ಸಹಾಯಕಿಯರನ್ನು. ಆ ವಾರ್ಡಿನಲ್ಲಿ ಇರುವಷ್ಟು ಕಾಲದ ಸಾವಿನ ಪ್ರಮಾಣ ಸಾಮಾನ್ಯ ಆರೈಕೆಯ ಗುಂಪಿನಲ್ಲಿ ಶೇಕಡಾ 10.1 ಇದ್ದರೆ, ಈ ಗುಂಪಿನಲ್ಲಿ ಶೇಕಡಾ 4.1 ಇತ್ತು.

ಆಮೇಲೆ ಊಟಕ್ಕೆ ಅರ್ಧ ಗಂಟೆ ಮುಂಚೆ ನೋವಿನ ಔಷಧ ಸಿಗುವಂತೆ ಸಮಯ ಹೊಂದಿಸಿ, ಹಾಸಿಗೆಯ ತಲೆಭಾಗವನ್ನು ಎತ್ತಿ ಅಥವಾ ಕುರ್ಚಿಯಲ್ಲಿ ಕೂರಿಸಿ, ಮೇಜನ್ನು ಕೈಗೆಟುಕುವಂತೆ ಎಳೆದಿಡಿ. ಬ್ಯಾಂಡೇಜ್ ಬದಲಿಸುವುದು, ಎಕ್ಸ್-ರೇಗೆ ಕರೆದೊಯ್ಯುವುದು ಊಟದ ಹೊತ್ತಿನಲ್ಲಿ ಬೇಡ. ಮನೆಗೆ ಕಳುಹಿಸುವ ಪತ್ರದಲ್ಲಿ ಔಷಧಗಳ ಜೊತೆಗೆ ಅಂದಿನ ತೂಕ, ಐದು ತಿಂಗಳ ಹಿಂದಿನ ತೂಕ, ದಿನದ ಪ್ರೋಟೀನ್ ಗುರಿ, ಮತ್ತೆ ತೂಕ ನೋಡಬೇಕಾದ ದಿನಾಂಕ, ಇವಿಷ್ಟನ್ನು ಬರೆಸಿ. ಹಲ್ಲುಸೆಟ್ಟಿನ ಸಾಲನ್ನೂ ಮರೆಯಬೇಡಿ.